ಫ್ಲೋರಿಮೀಟರ್ ತಪಾಸಣೆಯ ಅಕ್ರಿಲಿಕ್ ಮಾನಕಗಳು: ನೀಲಿಗೆ ಭೇಷ್, ಕೆಂಪಿಗೆ ಮೌನ

ಮಂಗಳೂರಿನ ನಮ್ಮ ಕಾಲೇಜು ಪ್ರಯೋಗಾಲಯದಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಪಾಚಿಯ ಹಸಿರು ವರ್ಣಕವಾದ ಕ್ಲೋರೊಫಿಲ್ ಎಷ್ಟಿದೆ ಎಂದು ಅಳೆಯುತ್ತೇವೆ. ಬೆಳಕು ಬಿದ್ದಾಗ ವಸ್ತು ಎಷ್ಟು ಹೊಳೆಯುತ್ತದೆ ಎಂದು ಅಳೆಯುವ ನಮ್ಮ ಫ್ಲೋರಿಮೀಟರ್ ಹಳೆಯದು. ಅದನ್ನು ನಂಬಬಹುದೇ ಎಂದು ನೋಡಲು ತರಿಸಿದ್ದು ಈ ಆರು ಮಾನಕಗಳ, ಅಂದರೆ ಹೋಲಿಕೆಗೆ ಇಡುವ ತುಂಡುಗಳ ಪೆಟ್ಟಿಗೆ. ಕುವೆಟ್‌ನ (ಮಾದರಿ ದ್ರವ ಹಾಕುವ ಪುಟ್ಟ ಚೌಕ ಪಾತ್ರೆಯ) ಆಕಾರದ ಅಕ್ರಿಲಿಕ್ ತುಂಡುಗಳು. ಆಂಥ್ರಸೀನ್, ಓವಲೀನ್, ರೋಡಮೈನ್ ಬಿ ಮುಂತಾದ ಹೊಳೆಯುವ ವಸ್ತುಗಳು ಅವುಗಳೊಳಗೇ ಸೇರಿಕೊಂಡಿವೆ. ಉಳಿದ ವಿವರ ಮಾರಾಟಗಾರರ ಹಾಳೆಯಲ್ಲಿದೆ.

ಇದು ಬರುವ ಮೊದಲು ಕ್ವಿನೈನ್ ಸಲ್ಫೇಟನ್ನು ತೂಗಿ, ದುರ್ಬಲ ಗಂಧಕಾಮ್ಲದಲ್ಲಿ ಕರಗಿಸಿ, ಕಂದು ಸೀಸೆಯಲ್ಲಿಡುತ್ತಿದ್ದೆವು. ಅದು ಒಳ್ಳೆಯ ಮಾನಕವೇ. 350 ನ್ಯಾನೊಮೀಟರ್ ತರಂಗಾಂತರದ ಬೆಳಕು ಹಾಯಿಸಿದರೆ 450ರ ಆಸುಪಾಸಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಕ್ಲೋರೈಡ್ ಸೇರಿದರೆ ಹೊಳಪು ಕುಗ್ಗುತ್ತದೆ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆದ ಗಾಜನ್ನು ಸರಿಯಾಗಿ ಜಾಲಿಸದೆ ಯಾರಾದರೂ ಬಳಸಿದರೆ ಆ ದಿನದ ಅಂಕಿ ಹೋಯಿತೆಂದೇ ಅರ್ಥ. ಈಗ ಆ ಗೊಡವೆಯಿಲ್ಲ.

ಬೆಳಗಿನ ಈ ಕೆಲಸ ನನಗೆ ಬಹಳ ಇಷ್ಟ. ಝೆನಾನ್ ದೀಪ ಹೊತ್ತಿಸಿ ಅರ್ಧ ಗಂಟೆ ಕಾಯಬೇಕು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿರುವ, ತೇವ ಹೀರುವ ಸಿಲಿಕಾ ಜೆಲ್ ನೀಲಿಯಾಗಿದೆಯೇ, ತೇವ ಹೀರಿ ಗುಲಾಬಿಗೆ ತಿರುಗಿದೆಯೇ ಎಂದು ನೋಡುತ್ತೇನೆ. ಜುಲೈ ತಿಂಗಳಲ್ಲಿ ಅದು ಬೇಗ ಗುಲಾಬಿಯಾಗುತ್ತದೆ. ಮೊದಲು ಶುದ್ಧ ನೀರಿನ ಕುವೆಟ್ ಇಟ್ಟು, 350ರ ಬೆಳಕಿಗೆ 397ರಲ್ಲಿ ಬರುವ ರಾಮನ್ ಶಿಖರವನ್ನು (ನೀರೇ ಚದುರಿಸುವ ಬೆಳಕಿನ ಗುರುತನ್ನು) ದಾಖಲಿಸುತ್ತೇನೆ. ಆಮೇಲೆ ತುಂಡನ್ನು ಅಂಚಿನಲ್ಲಿ ಮಾತ್ರ ಹಿಡಿದು, ಲೆನ್ಸ್ ಕಾಗದದಿಂದ ಒರೆಸಿ, ಗುರುತು ಮಾಡಿದ ಮುಖ ದೀಪದ ಕಡೆಗೆ ಬರುವಂತೆ ಇಳಿಸುತ್ತೇನೆ. ಮುಖ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕ್ಲೋರೊಫಿಲ್ ತೆಗೆಯುವ ಮೇಜಿನ ಹತ್ತಿರ ಪೆಟ್ಟಿಗೆಯನ್ನು ಬಿಡುವುದೇ ಇಲ್ಲ. ಅಲ್ಲಿ ಎಲ್ಲರ ಕೈಗವಸಿನಲ್ಲೂ ಅಸಿಟೋನ್ ಇರುತ್ತದೆ, ಅಕ್ರಿಲಿಕ್ ಅದಕ್ಕೆ ಕರಗುತ್ತದೆ.

ಮಳೆಗಾಲದಲ್ಲಿ ಇದರ ಬೆಲೆ ತಿಳಿಯಿತು. ನದಿಗಳು ಕೆಂಪು ಮಣ್ಣು ಹೊತ್ತು ತಂದಾಗ ಕ್ಲೋರೊಫಿಲ್ ಅಂಕಿ ಒಂದೇ ವಾರದಲ್ಲಿ ಏರಿಳಿಯುತ್ತದೆ. ಬದಲಾದದ್ದು ನೀರೋ, ದೀಪವೋ? ದೀಪ ಸೋಲತೊಡಗಿದಾಗ ಓವಲೀನ್ ತುಂಡಿನ ಅಂಕಿ ಸ್ವಲ್ಪಸ್ವಲ್ಪವೇ ಇಳಿದು ಅದನ್ನು ಮೊದಲೇ ತಿಳಿಸಿತು. ದೀಪ ಬದಲಿಸಿದ ಮೇಲೆ ಹಳೆಯ ಅಂಕಿಗೇ ಬಂದು ನಿಂತಿತು. ಆಗ ಆದ ಸಮಾಧಾನ ಸಣ್ಣದಲ್ಲ.

ಆದರೆ ಕಳೆದ ಬೇಸಿಗೆಯಿಂದ ನನಗೆ ಈ ಪೆಟ್ಟಿಗೆಯ ಮೇಲೆ ಸಿಟ್ಟಿದೆ. ಆರರಲ್ಲಿ ಅತ್ಯಂತ ಕೆಂಪು ಕಡೆಗಿರುವುದು ರೋಡಮೈನ್ ಬಿ, ಅದು ಹೊಳೆಯುವುದು 580ರ ಆಸುಪಾಸಿನಲ್ಲಿ, ಕಿತ್ತಳೆಯಾಗಿ. ನಮ್ಮ ಕ್ಲೋರೊಫಿಲ್ ಹೊಳೆಯುವುದು 670ರ ಹತ್ತಿರ. ನಡುವಿನ ಆ ಅಂತರದ ಬಗ್ಗೆ ಪೆಟ್ಟಿಗೆ ಏನನ್ನೂ ಹೇಳುವುದಿಲ್ಲ. ಫೋಟೊಮಲ್ಟಿಪ್ಲೈಯರ್‌ನ (ಹೊಳಪನ್ನು ಗ್ರಹಿಸುವ ಡಿಟೆಕ್ಟರ್‌ನ) ಸಂವೇದನೆ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ. ನಮ್ಮದರಂಥ ಹಳೆಯ ಯಂತ್ರಗಳಲ್ಲಿ ಕೆಂಪು ಕಡೆ ಅದು ಮೊದಲೇ ಕಡಿಮೆ. ಬೆಳಿಗ್ಗೆ ಆರೂ ತುಂಡುಗಳು ಸರಿಯಾದ ಅಂಕಿ ಕೊಡುತ್ತಿದ್ದವು. ಅದೇ ದಿನ ಹೊಸದಾಗಿ ಮಾಡಿದ ಕ್ಲೋರೊಫಿಲ್ ಎ ಮಾನಕ ಕಡಿಮೆ ತೋರಿಸಿತು. ಅದರ ಸಾಂದ್ರತೆಯನ್ನು ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ, ಶೇ 90ರ ಅಸಿಟೋನ್‌ನಲ್ಲಿ 664 ನ್ಯಾನೊಮೀಟರ್‌ನ ಹೀರುವಿಕೆ ನೋಡಿ ಖಚಿತಪಡಿಸಿಕೊಂಡಿದ್ದೆವು, ಅದರಲ್ಲಿ ಲೋಪವಿರಲಿಲ್ಲ. ರಿಪೇರಿಗೆ ಬಂದವರು ಕೆಂಪಿನಿಂದ ದೂರವಿರುವ ರಾಮನ್ ಶಿಖರವನ್ನಷ್ಟೇ ನೋಡಿ ಯಂತ್ರ ಚೆನ್ನಾಗಿದೆ ಎಂದು ಹೊರಟೇಬಿಟ್ಟರು. ಕೊನೆಗೆ ಡಿಟೆಕ್ಟರ್ ಬದಲಾದ ಮೇಲೆಯೇ ಕೆಂಪಿನ ಅಂಕಿ ಸರಿಹೋದದ್ದು. ಇಷ್ಟು ಹಣ ತೆಗೆದುಕೊಂಡವರು ಯಾವ ಬಣ್ಣದಿಂದ ಯಾವ ಬಣ್ಣದವರೆಗೆ ಇದು ಸಾಕ್ಷಿ ಹೇಳಬಲ್ಲದು ಎಂಬುದನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಇನ್ನೊಂದು ಮಾತು: ಯಂತ್ರ ನಿನ್ನೆಯಂತೆಯೇ ಇದೆಯೇ ಎಂಬುದನ್ನಷ್ಟೇ ತುಂಡುಗಳು ಹೇಳುತ್ತವೆ. ಲೀಟರಿಗೆ ಎಷ್ಟು ಮೈಕ್ರೊಗ್ರಾಂ ಎಂಬ ಲೆಕ್ಕಕ್ಕೆ ಕ್ಲೋರೊಫಿಲ್ ಮಾನಕವೇ ಬೇಕು.

ಕ್ವಿನೈನ್ ಅಥವಾ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಅಳೆಯುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಅವರ ಕೆಲಸವೆಲ್ಲ ನೀಲಿಯ ಕಡೆಗೇ ಇದೆ, ತುಂಡುಗಳೂ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮಂತೆ ನೀರಿನ ಪಾಚಿ ನೋಡುವವರು ಕೊಳ್ಳುವುದಾದರೆ ತಿಂಗಳಿಗೊಮ್ಮೆಯಾದರೂ ಕ್ಲೋರೊಫಿಲ್ ಮಾನಕದ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ. ಕಡುಗೆಂಪು ತುಂಡೊಂದನ್ನು ಬಿಡಿಯಾಗಿ ಕೊಡಿ ಎಂದು ಮಾರಾಟಗಾರರಿಗೆ ಬರೆದಿದ್ದೇನೆ. ಸೆಟ್ ಮಾತ್ರ ಮಾರುತ್ತೇವೆ ಎಂದು ಉತ್ತರ ಬಂದಿದೆ. ಬಿಡಿಯಾಗಿ ಕೊಟ್ಟರೆ ಈ ವರ್ಷದ ಗಾಜಿನ ಸಾಮಾನಿನ ಹಣದಲ್ಲೇ ಉಳಿಸಿ ಕೊಳ್ಳುತ್ತೇವೆ.