ಹುಬ್ಬಳ್ಳಿಯಿಂದ ದೆಹಲಿ: ನೇರ ವಿಮಾನವೋ, ಬೆಂಗಳೂರು ಸುತ್ತಿಯೋ, ಬೆಳಗಾವಿಯಿಂದಲೋ?

ನಾನು ಧಾರವಾಡದವಳು. ಕೆಲಸದ ಮೇಲೆ ಆಗಾಗ ದೆಹಲಿಗೆ ಹೋಗುತ್ತೇನೆ. ಮೂರೂ ದಾರಿ ನೋಡಿದ್ದೇನೆ. ಟಿಕೆಟ್ ಮೇಲಿರುವ ಗಂಟೆ ನೋಡಿ ತೀರ್ಮಾನ ಮಾಡಬೇಡಿ, ಮನೆ ಬಾಗಿಲಿಂದ ಲೆಕ್ಕ ಹಾಕಿ.

ಮೊದಲು ದೂರ. ಹುಬ್ಬಳ್ಳಿಯಿಂದ ದೆಹಲಿಗೆ ನೇರ ಗೆರೆ ಎಳೆದರೆ ಸುಮಾರು 1,480 ಕಿ.ಮೀ. ಬೆಂಗಳೂರು ಮೂಲಕ ಅಂದರೆ ಮೊದಲು ದೆಹಲಿಗೆ ಬೆನ್ನು ಹಾಕಿ ಆಗ್ನೇಯಕ್ಕೆ 370 ಕಿ.ಮೀ., ಆಮೇಲೆ ಉತ್ತರಕ್ಕೆ 1,710 ಕಿ.ಮೀ. ಸುಮ್ನೆ 600 ಕಿ.ಮೀ. ಜಾಸ್ತಿ ಹಾರಿದ ಹಾಗಾಯಿತು.

ನೇರ ವಿಮಾನ ಶುರುವಾಗಿದ್ದು 2022ರ ನವೆಂಬರ್‌ನಲ್ಲಿ. ಸಮಯ ಎರಡೂವರೆ ಗಂಟೆಯ ಆಸುಪಾಸು. ಜೆಟ್ ವಿಮಾನ ಮೇಲೆ ಗಂಟೆಗೆ 800 ಕಿ.ಮೀ. ದಾಟಿ ಹೋಗುತ್ತದಲ್ಲ, ಹಾಗಾದರೆ ಎರಡು ಗಂಟೆಯೊಳಗೆ ಮುಟ್ಟಬೇಕಲ್ವಾ ಅಂತ ಕೇಳಬಹುದು. ಆದರೆ ಟಿಕೆಟ್‌ನ ಸಮಯದಲ್ಲಿ ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು, ದೆಹಲಿಯ ಮೇಲೆ ಸರದಿಗೆ ಕಾಯುವುದು, ಇಳಿದ ಮೇಲೆ ಗೇಟಿನ ತನಕ ಹೋಗುವುದು ಎಲ್ಲಾ ಸೇರಿರುತ್ತದೆ. ಚಿಗರಿ ಬಸ್ಸಲ್ಲಿ ಹುಬ್ಬಳ್ಳಿಗೆ ಬಂದು, ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಆಟೋ ಹಿಡಿದರೆ ನನಗೆ ಒಂದು ಗಂಟೆ ಬೇಕು. ನಿಲ್ದಾಣ ಚಿಕ್ಕದು, ಗಡಿಬಿಡಿ ಕಮ್ಮಿ. ಮನೆ ಬಿಟ್ಟು ದೆಹಲಿಯಲ್ಲಿ ಬ್ಯಾಗ್ ಕೈಗೆ ಬರುವ ತನಕ ಆರು ಗಂಟೆ ಹಿಡಿಯಿರಿ.

ಬೆಂಗಳೂರು ಮೂಲಕ ಹೋದರೆ ಇದೇ ಒಂಬತ್ತು, ಹತ್ತು ಗಂಟೆ ಆಗುತ್ತದೆ. ಹಾರಾಟಕ್ಕಿಂತ ನಡುವಿನ ಕಾಯುವಿಕೆಯೇ ಭಾಳ ತಿನ್ನುತ್ತದೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದರೆ ಚಿಂತೆ ಕಮ್ಮಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್‌ಇನ್ ಮಾಡಬೇಕು. ಒಮ್ಮೆ ಹುಬ್ಬಳ್ಳಿಯಿಂದಲೇ ವಿಮಾನ ತಡವಾಗಿ ಹೊರಟು, ನಾನು ಬೆಂಗಳೂರಿನಲ್ಲಿ ಬೆಲ್ಟ್ ಹತ್ತಿರ ಬ್ಯಾಗಿಗೆ ಕಾಯುತ್ತಿರುವಾಗಲೇ ಮುಂದಿನ ವಿಮಾನದ ಕೌಂಟರ್ ಮುಚ್ಚಿತು, ಆ ಟಿಕೆಟ್‌ನ ದುಡ್ಡೂ ಹೋಯಿತು. ಎರಡು ಸಾವಿರ ಉಳಿಯುತ್ತದೆ ಅಂತ ಇಷ್ಟು ಅಪಾಯ ತೆಗೆದುಕೊಳ್ಳಬೇಡಿ.

ವಂದೇ ಭಾರತ್‌ನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾರುವುದಂತೂ ದೆಹಲಿಗೆ ಹೊರಟವರಿಗೆ ಲೆಕ್ಕಕ್ಕೆ ಬಾರದ ಮಾತು. ರೈಲಿಗೇ ಆರೂವರೆ ಗಂಟೆ, ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣದ ತನಕ ಟ್ರಾಫಿಕ್.

ಬೆಳಗಾವಿಯನ್ನು ನಮ್ಮ ಮಂದಿ ಮರೆತೇ ಬಿಡುತ್ತಾರೆ. ದೆಹಲಿಗೆ ನೇರ ವಿಮಾನ ಅಲ್ಲಿಂದಲೂ ಶುರುವಾಗಿದೆ. ಗೆರೆ ಎಳೆದರೆ ಸುಮಾರು 1,435 ಕಿ.ಮೀ., ಹಾರುವ ಸಮಯದಲ್ಲಿ ಅಂಥ ವ್ಯತ್ಯಾಸವಿಲ್ಲ. ಧಾರವಾಡದಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೈವೇ ಹಿಡಿದು ಹೆಚ್ಚುಕಮ್ಮಿ 85 ಕಿ.ಮೀ. ಹುಬ್ಬಳ್ಳಿಯ ದರ ಏರಿದಾಗ ನಾನು ಅಲ್ಲಿಗೇ ಹೋಗುವುದು, ಜೊತೆಗೆ ಇನ್ನಿಬ್ಬರಿದ್ದು ಕಾರಿನ ಖರ್ಚು ಹಂಚಿಕೊಂಡರೆ ಖಂಡಿತ ಲಾಭ. ಗದಗ, ಹಾವೇರಿಯವರಿಗೆ ಮಾತ್ರ ಇದು ತಿರುಗಾಟ, ಅವರು ಹುಬ್ಬಳ್ಳಿಯನ್ನೇ ಹಿಡಿಯಲಿ.

ನನ್ನ ಆಯ್ಕೆ ಹುಬ್ಬಳ್ಳಿ ನೇರ, ಆಮೇಲೆ ಬೆಳಗಾವಿ, ಬೇರೆ ದಾರಿಯೇ ಇಲ್ಲದಾಗ ಬೆಂಗಳೂರು. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಎರಡು ಸಲ ಹತ್ತಿಳಿಯುವ ಕಷ್ಟ ಅವರಿಗೆ ಕೊಡಲೇಬೇಡಿ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಬೆಳಗಿನ ಮಂಜಿನಿಂದ ನೇರ ವಿಮಾನವೂ ತಡವಾಗುತ್ತದೆ, ಅದೇ ದಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ವಿಮಾನಗಳ ವೇಳಾಪಟ್ಟಿ ಬದಲಾಗುತ್ತದೆ. ಹಾಗಾಗಿ ರಜೆ ಹಾಕುವ ಮೊದಲು ವಾರದ ಯಾವ ದಿನ, ಎಷ್ಟು ಹೊತ್ತಿಗೆ ವಿಮಾನ ಇದೆ ಅಂತ ನೋಡಿಕೊಳ್ಳಿ.