ದಿನಕ್ಕೆ ಆರು ವಯಲ್: ಮ್ಯೂಕರ್ ವಾರ್ಡೊಂದರ ಸೇವೆ ಹೇಗಿತ್ತು

2021ರ ಮೇ 20ರ ಮಧ್ಯಾಹ್ನ ನಮ್ಮಣ್ಣನನ್ನು ಬೆಂಗಳೂರಿನ ಸರ್ಕಾರಿ ಬೋಧನಾ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಸೇರಿಸಿದೆವು. ಅಲ್ಲಿ ಆಗಷ್ಟೇ ತೆರೆದಿದ್ದ ಮ್ಯೂಕರ್ ವಾರ್ಡಿನಲ್ಲಿ, ಅಂದರೆ ಜನ ಕಪ್ಪು ಶಿಲೀಂಧ್ರ ಎನ್ನುತ್ತಿದ್ದ ಮ್ಯೂಕರ್‌ಮೈಕೋಸಿಸ್ ರೋಗಿಗಳ ವಾರ್ಡಿನಲ್ಲಿ, ಅವನು ಇಪ್ಪತ್ತೆಂಟು ದಿನ ಇದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ನಾನಿದ್ದೆ. ಆ ಬಳಿಕ ಮೂರು ವರ್ಷ ಮರುತಪಾಸಣೆಗೆಂದು ಅದೇ ಕಟ್ಟಡಕ್ಕೆ ಹೋಗಿ ಬಂದಿದ್ದೇವೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಒಂದು ದಿನದ ಸಿಟ್ಟಿನ ಮಾತೂ ಅಲ್ಲ, ಒಂದು ದಿನದ ಕೃತಜ್ಞತೆಯ ಮಾತೂ ಅಲ್ಲ. ಆ ವಾರ್ಡಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ವಸ್ತು ದಾದಿಯರ ಮೇಜಿನ ಮೇಲಿದ್ದ ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂಬುದು ಮುಂದೆ ಬರುತ್ತದೆ.

ಅಣ್ಣನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕೋವಿಡ್‌ಗೆ ಆಮ್ಲಜನಕ ಮತ್ತು ಸ್ಟೀರಾಯ್ಡ್ ಕೊಟ್ಟು ಮನೆಗೆ ಕಳಿಸಿದ ಎಂಟನೆಯ ದಿನಕ್ಕೆ ಅವನ ಎಡಗೆನ್ನೆ ಜೋಮು ಹಿಡಿಯಿತು, ಮೂಗಿನಿಂದ ಕಂದುಬಣ್ಣದ ನೀರು ಇಳಿಯಿತು, ಮೇಲ್ದವಡೆಯ ಎರಡು ಹಲ್ಲು ನಾಲಿಗೆ ತಾಗಿದರೆ ಅಲುಗುತ್ತಿದ್ದವು. ಮನೆಯ ಹತ್ತಿರದ ಖಾಸಗಿ ಆಸ್ಪತ್ರೆಯವರು ಮೂಗಿಗೆ ಹತ್ತಿಕಡ್ಡಿ ಹಾಕಿ ಕಲ್ಚರ್‌ಗೆ ಕಳಿಸಿ, ವರದಿಗೆ ಐದು ದಿನ ಕಾಯಿರಿ ಎಂದರು. ಐದನೆಯ ದಿನ ವರದಿಯೇನೋ ಬಂತು, ಅದರಲ್ಲಿ ಏನೂ ಬೆಳೆದಿಲ್ಲ ಎಂದಿತ್ತು. ಅಷ್ಟರಲ್ಲಿ ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಈ ಶಿಲೀಂಧ್ರ ಕಲ್ಚರ್‌ನಲ್ಲಿ ಎಷ್ಟೋ ಬಾರಿ ಬೆಳೆಯುವುದೇ ಇಲ್ಲ, ಅದನ್ನು ನೆಚ್ಚಿಕೊಂಡು ಕಾಯಬಾರದು ಎಂಬುದು ನಮಗೆ ಆಮೇಲೆ ತಿಳಿದ ಸಂಗತಿ. ಅವರಿಗೆ ತಿಳಿದಿರಬೇಕಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ನಡೆದದ್ದು ಬೇರೆ. ಸ್ನಾತಕೋತ್ತರ ವ್ಯಾಸಂಗದ ಕಿರಿಯ ವೈದ್ಯೆಯೊಬ್ಬರು ಮೂಗಿಗೆ ಎಂಡೋಸ್ಕೋಪ್ ಹಾಕಿ, ಒಳಗೆ ಕಪ್ಪಾಗಿದ್ದ ಜಾಗದಿಂದ ಕಾಳುಮೆಣಸಿನಷ್ಟು ಚೂರು ಕಿತ್ತು, ಅದನ್ನು ಸಲೈನ್ ಹಾಕಿದ ಡಬ್ಬಿಯಲ್ಲಿ ನನ್ನ ಕೈಗೇ ಕೊಟ್ಟು, ಮೈಕ್ರೋಬಯಾಲಜಿಗೆ ಓಡಿ ಎಂದರು. ಕೆಒಎಚ್ ಪರೀಕ್ಷೆ ಎಂದರೆ ಇಷ್ಟೇ: ಗಾಜಿನ ಪಟ್ಟಿಯ ಮೇಲೆ ಆ ಚೂರನ್ನಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಡುತ್ತಾರೆ, ಮಾಂಸ ಕರಗುತ್ತದೆ, ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ಒಂದು ಗಂಟೆಯೊಳಗೆ ಉತ್ತರ ಬಂತು. ಅಗಲವಾದ, ಅಡ್ಡಗೋಡೆಗಳಿಲ್ಲದ, ರಿಬ್ಬನ್ನಿನಂಥ ಎಳೆಗಳು, ಕವಲುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ. ಪ್ರಯೋಗಾಲಯದ ಸಿಬ್ಬಂದಿ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮಳೆಗಾಲದಲ್ಲಿ ಒಗೆದು ಹಿಂಡಿ ಹಾಕಿದ ಲಾಡಿಗಳ ಹಾಗೆ ಕಂಡವು. ಇದರ ಹೆಸರು ತಿಳಿಯುವುದು ಬರೀ ಕುತೂಹಲದ ವಿಷಯವಲ್ಲ. ಶಿಲೀಂಧ್ರ ಎಂದೊಡನೆ ಬರೆದುಕೊಡುವ ಫ್ಲುಕೊನಜೋಲ್ ಆಗಲಿ, ಆಸ್ಪರ್ಜಿಲ್ಲಸ್ ಎಂಬ ಇನ್ನೊಂದು ಶಿಲೀಂಧ್ರಕ್ಕೆ ಕೊಡುವ ವೊರಿಕೊನಜೋಲ್ ಆಗಲಿ ಮ್ಯೂಕರ್‌ಗೆ ನಾಟುವುದಿಲ್ಲ.

ಕಪ್ಪು ಶಿಲೀಂಧ್ರ ಎಂಬ ಹೆಸರು ಮಾಡಿದ ಹಾನಿ ಸಣ್ಣದಲ್ಲ. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತ ಕಟ್ಟಿಸುವುದರಿಂದ ಸತ್ತುಹೋಗುವ ನಮ್ಮ ಮಾಂಸ ಕಪ್ಪು. ಆ ದಿನಗಳಲ್ಲಿ ನಮ್ಮ ಬೀದಿಯವರೆಲ್ಲ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪುಪುಡಿಯನ್ನು ಕಂಡು ಮೂಟೆಗಟ್ಟಲೆ ಎಸೆಯುತ್ತಿದ್ದರು, ಆದರೆ ಸಕ್ಕರೆಯ ಮಟ್ಟ ನೋಡಿಸಿಕೊಂಡವರು ಕಡಿಮೆ.

ಈಗ ರಿಜಿಸ್ಟರಿನ ವಿಷಯ. ಕೇಂದ್ರ ಆರೋಗ್ಯ ಸಚಿವಾಲಯ ನಾವು ಆಸ್ಪತ್ರೆ ಸೇರಿದ ವಾರದಲ್ಲೇ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಮ್ಯೂಕರ್‌ಮೈಕೋಸಿಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಬರೆದಿತ್ತು. ಕರ್ನಾಟಕವೂ ಹಾಗೆಯೇ ಮಾಡಿತು. ಶಂಕಿತವಾಗಲಿ ಖಚಿತವಾಗಲಿ, ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕಾಯಿತು. ನಮ್ಮನ್ನು ದಾಖಲಿಸಿಕೊಂಡ ರಾತ್ರಿಯೇ ಒಬ್ಬರು ಬಂದು, ಸಕ್ಕರೆ ಎಷ್ಟು ವರ್ಷದಿಂದ, ಸ್ಟೀರಾಯ್ಡ್ ಎಷ್ಟು ದಿನ, ಯಾವ ಪ್ರಮಾಣ, ಆಮ್ಲಜನಕ ಎಲ್ಲಿ ಕೊಟ್ಟರು, ಮೊದಲ ಲಕ್ಷಣ ಯಾವ ತಾರೀಖು ಎಂದು ಕೇಳಿ ಬರೆದುಕೊಂಡರು. ಇಷ್ಟು ನೋವಿನಲ್ಲಿ ಇದೆಲ್ಲ ಯಾಕೆ ಎಂದು ನಾನು ರೇಗಿದೆ. ಅವರು ಶಾಂತವಾಗಿ, ಈ ಸಾಲು ತುಂಬದಿದ್ದರೆ ನಾಳೆ ನಿಮ್ಮ ಹೆಸರಿಗೆ ಔಷಧಿ ಬರುವುದಿಲ್ಲ ಎಂದರು. ಆ ಮಾತು ಅಕ್ಷರಶಃ ನಿಜವಾಗಿತ್ತು. ಈ ರೋಗದ ಮುಖ್ಯ ಔಷಧಿಯಾದ ಆಂಫೋಟೆರಿಸಿನ್ ಅನ್ನು ಆಗ ರಾಜ್ಯಗಳಿಗೆ ರೋಗಿಗಳ ಲೆಕ್ಕ ನೋಡಿ ಹಂಚಲಾಗುತ್ತಿತ್ತು. ಮೇ 22ರಂದು ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು ದೇಶಕ್ಕೆಲ್ಲ ಹೆಚ್ಚುವರಿಯಾಗಿ ಅದರ 23,680 ವಯಲ್ (ಔಷಧಿಯ ಸಣ್ಣ ಗಾಜಿನ ಬಾಟಲಿ) ಹಂಚಿದ್ದಾಗಿ ಪ್ರಕಟಿಸಿದರು. ಆಧಾರವಾಗಿ ಹಿಡಿದ ರೋಗಿಗಳ ಸಂಖ್ಯೆ ಸುಮಾರು 8,848. ಸ್ಟೂಲಿನ ಮೇಲೆ ಕೂತು ಭಾಗಿಸಿದೆ. ತಲೆಗೆ ಮೂರಕ್ಕಿಂತ ಕಡಿಮೆ. ಅಣ್ಣನ ತೂಕ 61 ಕಿಲೋ. ಕಿಲೋಗೆ ಐದು ಮಿಲಿಗ್ರಾಂನಂತೆ ದಿನಕ್ಕೆ ಮುನ್ನೂರು ಮಿಲಿಗ್ರಾಂ, ಒಂದು ವಯಲ್‌ನಲ್ಲಿ ಐವತ್ತು, ಅಂದರೆ ದಿನಕ್ಕೆ ಆರು. ಆ ಕಂತಿನಲ್ಲಿ ಅವನ ಪಾಲಿಗೆ ಬಂದದ್ದು ಅರ್ಧ ದಿನದ ಮದ್ದೂ ಅಲ್ಲ. ಎಣಿಕೆಯಲ್ಲಿ ಒಬ್ಬ ಬಿಟ್ಟುಹೋದರೆ ಉಳಿದವರ ಪಾಲಿನಿಂದಲೇ ಕಡಿತ ಎಂಬುದು ಆ ಭಾಗಾಕಾರ ಮಾಡಿದವನಿಗೆ ಮತ್ತೆ ಹೇಳಬೇಕಿಲ್ಲ. ಆಮೇಲೆ ಹೊಸ ರೋಗಿಯ ಕಡೆಯವರು ಆ ಪ್ರಶ್ನೆಗಳಿಗೆ ರೇಗಿದಾಗ ಸಮಾಧಾನ ಹೇಳುತ್ತಿದ್ದವನು ನಾನೇ.

ಔಷಧಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಐದಕ್ಕೆ ಐದು ಅಂಕ. ಬೆಳಿಗ್ಗೆ ಹತ್ತಕ್ಕೆ ಹಿರಿಯ ದಾದಿ ಕೈ ತೊಳೆದು ಕುಳಿತುಕೊಳ್ಳುತ್ತಿದ್ದರು. ಹಳದಿ ಪುಡಿಯ ಪ್ರತಿ ವಯಲ್‌ಗೆ 12 ಮಿಲಿಲೀಟರ್ ಶುದ್ಧೀಕರಿಸಿದ ನೀರು ಹಾಕಿ, ಬೆಣ್ಣೆ ಕಡೆಯುವವರಂತೆ ಅರ್ಧ ನಿಮಿಷ ಜೋರಾಗಿ ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೂ ಕಣ ಉಳಿದಿಲ್ಲವೆಂದು ನೋಡಿ, ಫಿಲ್ಟರ್ ಮೂಲಕ ಡೆಕ್ಸ್‌ಟ್ರೋಸ್ ಬಾಟಲಿಗೆ ಸೇರಿಸುತ್ತಿದ್ದರು. ಸಲೈನ್ ತಾಗಿದರೆ ಔಷಧಿ ಗಸಿಗಟ್ಟುವುದರಿಂದ ನಳಿಕೆಯನ್ನೂ ಡೆಕ್ಸ್‌ಟ್ರೋಸ್‌ನಿಂದಲೇ ತೊಳೆಯಬೇಕು. ಸಕ್ಕರೆ ರೋಗಿಗೆ ಸಕ್ಕರೆ ನೀರೇ ಗತಿ! ಅದಕ್ಕೆಂದೇ ಇನ್ಸುಲಿನ್ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಗಂಟೆಗಂಟೆಗೆ ಬರೆಯುತ್ತಿದ್ದರು. ಆರು ವಯಲ್‌ಗಳ ಖಾಲಿ ಗಾಜನ್ನು ಎಣಿಸಿ, ಬ್ಯಾಚ್ ಸಂಖ್ಯೆಯನ್ನು ಅದೇ ರಿಜಿಸ್ಟರಿನಲ್ಲಿ ಅಣ್ಣನ ಸಾಲಿಗೆ ಏರಿಸಿದ ಮೇಲೆಯೇ ಮುಂದಿನ ಮಂಚ.

ಮೇ ಕೊನೆಯ ವಾರದ ನಾಲ್ಕು ದಿನ ಈ ಲೈಪೋಸೋಮಲ್ ಔಷಧಿ, ಅಂದರೆ ಕೊಬ್ಬಿನ ಸಣ್ಣ ಕೋಶಗಳಲ್ಲಿ ಮುಚ್ಚಿಟ್ಟ ಆಂಫೋಟೆರಿಸಿನ್, ಬರಲಿಲ್ಲ. ಸುಮ್ಮನೆ ಕೂರದೆ ಹಳೆಯ ನಮೂನೆಯ, ಅಂದರೆ ಡಿಆಕ್ಸಿಕೊಲೇಟ್ ರೂಪದ ಆಂಫೋಟೆರಿಸಿನ್ ಕೊಟ್ಟರು. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್‌ಗೆ ಅಂಟಿ ಅದನ್ನು ಕೊಲ್ಲುವ ಔಷಧಿ ಎರಡರಲ್ಲೂ ಒಂದೇ; ಕೊಬ್ಬಿನ ಕೋಶಗಳೊಳಗೆ ಮುಚ್ಚಿಟ್ಟಾಗ ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಕಡಿಮೆ, ಹೆಚ್ಚು ಪ್ರಮಾಣ ಕೊಡಬಹುದು. ಹಳೆಯದನ್ನು ಹಾಕಿದ ಒಂದು ಗಂಟೆಗೆ ಅಣ್ಣ ಮಂಚ ಅಲುಗುವಂತೆ ನಡುಗಿದ, ಮೂರು ಕಂಬಳಿ ಹೊದಿಸಿದೆವು. ಮೊದಲು ಸಲೈನ್ ಹನಿಸಿ ಮೂತ್ರಪಿಂಡವನ್ನು ಕಾಪಾಡುವ ಕ್ರಮವಿದ್ದರೂ ಮೂರನೆಯ ದಿನಕ್ಕೆ ಮೂತ್ರಪಿಂಡ ಸೋಲುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತು, ಪೊಟ್ಯಾಸಿಯಂ ಕುಸಿಯಿತು. ದಿನಕ್ಕೆ ಮೂರು ಸಲ ಪೊಟ್ಯಾಸಿಯಂ ಸಿರಪ್ ಕುಡಿಸಬೇಕಾಯಿತು. ಅದರ ರುಚಿಯ ಬಗ್ಗೆ ಅವನು ಈಗಲೂ ಬೈಯುತ್ತಾನೆ. ಕೊರತೆಗೆ ವಾರ್ಡಿನವರನ್ನು ಹೊಣೆ ಮಾಡಲಾರೆ, ಆದರೆ ಔಷಧಿ ಬರುವುದಿಲ್ಲ ಎಂಬುದನ್ನು ಹಿಂದಿನ ರಾತ್ರಿಯೇ ತಿಳಿಸುವ ಸೌಜನ್ಯ ಇರಬೇಕಿತ್ತು. ನಾಲ್ಕರಲ್ಲಿ ಎರಡು ದಿನ ಮಧ್ಯಾಹ್ನದವರೆಗೆ ಯಾರೂ ಬಾಯಿಬಿಡಲಿಲ್ಲ. ಆಂಫೋಟೆರಿಸಿನ್ ಮೇಲಿನ ಶೇಕಡಾ 5ರ ಜಿಎಸ್‌ಟಿಯನ್ನು ಜೂನ್ 12ರಂದು ಸೊನ್ನೆ ಮಾಡಿದ ಸುದ್ದಿಯನ್ನು ವಾರ್ಡಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿದಾಗ ಯಾರೂ ತಲೆಯೆತ್ತಲಿಲ್ಲ. ನಮಗೆ ಬೆಲೆಯಲ್ಲ, ವಯಲ್ ಬೇಕಾಗಿತ್ತು.

ಶಸ್ತ್ರಚಿಕಿತ್ಸೆ ದಾಖಲಾದ ಎರಡನೆಯ ದಿನವೇ ಆಯಿತು, ಹತ್ತು ದಿನ ಬಿಟ್ಟು ಇನ್ನೊಂದು. ಎಡಭಾಗದ ಮೇಲ್ದವಡೆಯ ಅರ್ಧ ಮತ್ತು ಅಂಗುಳದ ಒಂದು ಪಾಲು ಹೋಯಿತು, ಕಣ್ಣು ಉಳಿಯಿತು. ಏನು ತೆಗೆಯುತ್ತೇವೆ, ಏಕೆ ತೆಗೆಯುತ್ತೇವೆ ಎಂದು ಚಿತ್ರ ಬರೆದು ಕನ್ನಡದಲ್ಲಿ ವಿವರಿಸಿದರು. ಔಷಧಿಯೊಂದೇ ಸಾಲದು, ಸತ್ತ ಮಾಂಸಕ್ಕೆ ರಕ್ತ ಹೋಗದಿರುವುದರಿಂದ ಅಲ್ಲಿಗೆ ಔಷಧಿಯೂ ಹೋಗದು ಎಂಬುದು ಆ ಚಿತ್ರದಿಂದಲೇ ನನಗೆ ಅರ್ಥವಾದದ್ದು.

ಅಂಗುಳದಲ್ಲಿ ತೂತಾದ ಮೇಲೆ ಮಾತೆಲ್ಲ ಮೂಗಿನಿಂದ ಬರುತ್ತದೆ. ನಮ್ಮಣ್ಣ ಪ್ರೌಢಶಾಲೆಯ ಮೇಷ್ಟ್ರು. "ಬಸವ" ಎಂದರೆ "ಮಸವ" ಎಂದು ಕೇಳುತ್ತಿತ್ತು, ಕುಡಿದ ಕಾಫಿ ಮೂಗಿನಿಂದ ಇಳಿಯುತ್ತಿತ್ತು. ದಂತ ವಿಭಾಗದಲ್ಲಿ ಅಚ್ಚು ತೆಗೆದು ಮೊದಲು ತಾತ್ಕಾಲಿಕ ಪ್ಲೇಟ್, ಗಾಯ ಮಾಗಿದ ಮೇಲೆ ಹಲ್ಲುಗಳಿರುವ ಪ್ಲೇಟ್ ಮಾಡಿಕೊಟ್ಟರು. ಅದನ್ನು ಹಾಕಿದ ದಿನ ಹೊರಗಿನ ಬೆಂಚಿನ ಮೇಲೆ ಕೂತು ಅವನು ಪ ಫ ಬ ಭ ಮ ಎಂದು ಒಂದನೆಯ ತರಗತಿಯ ಹುಡುಗನ ಹಾಗೆ ಹತ್ತಾರು ಬಾರಿ ಹೇಳಿಕೊಂಡ. ಬ ಮತ್ತು ಮ ಬೇರೆಬೇರೆಯಾಗಿ ಕೇಳಿಸಿದವು. ಈ ವಿಭಾಗದ ಬಗ್ಗೆ ನನ್ನದು ಒಂದೂ ತಕರಾರಿಲ್ಲ.

ತಕರಾರಿರುವುದು ಬಿಡುಗಡೆಯ ನಂತರದ್ದಕ್ಕೆ. ಮನೆಗೆ ಕಳಿಸುವಾಗ ಮ್ಯೂಕರ್‌ಗೆ ನಾಟುವ ಪೊಸಕೊನಜೋಲ್ ಮಾತ್ರೆ ಬರೆದರು, ಮೊದಲ ದಿನದ ದುಪ್ಪಟ್ಟು ಪ್ರಮಾಣ ಕಳೆದ ಮೇಲೆ ದಿನಕ್ಕೆ ನೂರು ಮಿಲಿಗ್ರಾಂನ ಮೂರು, ಊಟದ ಜೊತೆ, ಮೂರು ತಿಂಗಳು. ಒಳಗಿದ್ದಾಗ ಔಷಧಿ ಉಚಿತವಾಗಿ ಬಂದದ್ದು ಹೆಸರು ಪಟ್ಟಿಯಲ್ಲಿದ್ದ ಕಾರಣಕ್ಕೆ. ಬಿಡುಗಡೆಯಾದೊಡನೆ ರಿಜಿಸ್ಟರಿನ ಕೊನೆಯ ಅಂಕಣದಲ್ಲಿ "ಡಿಸ್ಚಾರ್ಜ್" ಎಂದು ಬರೆದರು, ಆ ಸಾಲು ಮುಗಿಯಿತು. ಮಾತ್ರೆ ನಮ್ಮದೇ ಖರ್ಚು, ನಮ್ಮ ತಾಲ್ಲೂಕಿನಲ್ಲಿ ಸಿಗದೆ ಪ್ರತಿ ಹದಿನೈದು ದಿನಕ್ಕೆ ಬೆಂಗಳೂರಿಗೆ ಬಸ್ಸು. ಪಕ್ಕದ ಮಂಚದಲ್ಲಿದ್ದವರೊಬ್ಬರು ಹಣ ಸಾಲದೆ ಒಂದೇ ತಿಂಗಳಿಗೆ ಮಾತ್ರೆ ನಿಲ್ಲಿಸಿದರು, ರೋಗ ಮರುಕಳಿಸಿ ಆಗಸ್ಟಿನಲ್ಲಿ ಮತ್ತೆ ಬಂದರು. ರಿಜಿಸ್ಟರಿನಲ್ಲಿ ಅವರು ಹೊಸ ರೋಗಿಯಾಗಿ ಹೊಸ ಸಾಲಿಗೆ ಹೋದರು. ಕಣ್ಗಾವಲು ಎನ್ನುವುದು ದಾಖಲಾತಿಯ ದಿನಕ್ಕೇ ಮುಗಿದುಬಿಟ್ಟರೆ ಎಷ್ಟು ಜನ ಉಳಿದರು, ಎಷ್ಟು ಜನಕ್ಕೆ ಮರುಕಳಿಸಿತು ಎಂಬುದಕ್ಕೆ ಉತ್ತರ ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹತ್ತೊಂಬತ್ತು ಶಿಲೀಂಧ್ರಗಳ ಆದ್ಯತಾ ಪಟ್ಟಿಯನ್ನು ಮೊದಲ ಬಾರಿಗೆ ಹೊರತಂದಾಗ ಮ್ಯೂಕರ್ ವರ್ಗವನ್ನು ಎರಡನೆಯ, ಅಂದರೆ "ಹೆಚ್ಚು" ಆದ್ಯತೆಯ ಗುಂಪಿನಲ್ಲಿಟ್ಟಿತು. ಅಷ್ಟರಲ್ಲಿ ನಮ್ಮ ವಾರ್ಡು ಮತ್ತೆ ಸಾಮಾನ್ಯ ವಾರ್ಡಾಗಿತ್ತು.

ಶೌಚಾಲಯಕ್ಕೆ ಐದರಲ್ಲಿ ಒಂದು ಅಂಕ, ಅದೂ ದಾಕ್ಷಿಣ್ಯಕ್ಕೆ. ಊಟ ಸಾಧಾರಣ, ಸಕ್ಕರೆ ರೋಗಿಗಳೇ ತುಂಬಿದ್ದ ವಾರ್ಡಿಗೆ ಮಧ್ಯಾಹ್ನ ಬಿಳಿ ಅನ್ನದ ಗುಡ್ಡೆ ಬರುತ್ತಿತ್ತು, ಹೇಳಿ ಹೇಳಿ ಎರಡನೆಯ ವಾರದಿಂದ ರಾಗಿಮುದ್ದೆಯಾಯಿತು.

ಈ ರೋಗ ಕೋವಿಡ್‌ಗೆ ಮೊದಲೂ ಇತ್ತು, ಹತೋಟಿ ತಪ್ಪಿದ ಸಕ್ಕರೆ ಇರುವವರಿಗೆ ಈಗಲೂ ಬರುತ್ತಿದೆ. ಅಲ್ಲಿಗೆ ಈಗ ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಚೀಟಿ ಮಾಡಿಸಿ, ಸಕ್ಕರೆಯ ಹಳೆಯ ವರದಿಗಳನ್ನೂ ಸ್ಟೀರಾಯ್ಡ್ ತೆಗೆದುಕೊಂಡ ಚೀಟಿಯನ್ನೂ ಒಯ್ಯಿರಿ. ಕೆನ್ನೆ ಜೋಮು, ಹಲ್ಲು ಅಲುಗುವುದು, ಎರಡೆರಡಾಗಿ ಕಾಣುವುದು ಇದ್ದರೆ ಸಾಲಿನಲ್ಲಿ ನಿಲ್ಲದೆ ನೇರವಾಗಿ ಹೇಳಿ. ಕೆಒಎಚ್ ಪರೀಕ್ಷೆಗೆ ಚೂರನ್ನು ಮಧ್ಯಾಹ್ನ ಎರಡರೊಳಗೆ ಮುಟ್ಟಿಸಿದರೆ ಅಂದೇ ನೋಡುತ್ತಾರೆ. ಮೈಕ್ರೋಬಯಾಲಜಿ ಹಿಂದಿನ ಕಟ್ಟಡದ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿರುತ್ತದೆ, ಮೆಟ್ಟಿಲು ಬಲಗಡೆ.