ಆರು ಮಳೆಗಾಲ ಕಂಡ 200 ಲೀಟರ್ ಸೋಲಾರ್: ಮೂಡಿಗೆರೆ ಕಡೆಯ ಬಿಸಿನೀರಿನ ಲೆಕ್ಕ

ಮೂಡಿಗೆರೆ, ಸಕಲೇಶಪುರದ ಕಡೆ ಸೋಲಾರ್ ವಾಟರ್ ಹೀಟರ್ ಅಂದರೆ ಎಂಟು ತಿಂಗಳ ಯಂತ್ರ. ಆರಿದ್ರಾ ಮಳೆ ಹಿಡಿದರೆ ಮಘೆ ಮಳೆ ಮುಗಿಯೋವರೆಗೆ ಅದರ ಬೆನ್ನಿಗೆ ಏನು ನಿಲ್ಲುತ್ತೆ ಅನ್ನೋದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅಂಗಡಿಗೆ ಹೋಗಿ. ಕಡೂರು, ಅರಸೀಕೆರೆಯವರಿಗೆ ಮೋಡಕ್ಕಿಂತ ಬೋರ್‌ವೆಲ್ ನೀರಿನ ಸುಣ್ಣವೇ ದೊಡ್ಡ ಶತ್ರು. ಚಪ್ಪಟೆ ಪೆಟ್ಟಿಗೆಯಂಥ ಫ್ಲ್ಯಾಟ್ ಪ್ಲೇಟ್ ಸೋಲಾರಿನ ಸಣ್ಣ ತಾಮ್ರದ ಕೊಳವೆಗಳು ಬೇಗ ಕಟ್ಟಿಕೊಳ್ಳುತ್ತವೆ. ಗಾಜಿನ ಟ್ಯೂಬಿನದಾದರೆ ಬಿಚ್ಚಿ ತೊಳೆಯಬಹುದು.

ಆರು ಮಳೆಗಾಲ ಕಂಡ ಈ 200 ಲೀಟರಿನದು ಗಾಜಿನ ಟ್ಯೂಬಿನದೇ. ಒಂದೊಂದೂ 58 ಮಿ.ಮೀ. ದಪ್ಪ, 1,800 ಮಿ.ಮೀ. ಉದ್ದ. ಎರಡು ಪದರ ಗಾಜಿನ ನಡುವೆ ಗಾಳಿ ಇಲ್ಲದ್ದರಿಂದ ಡಿಸೆಂಬರಿನ ಚಳಿಗಾಳಿಗೂ ಬಿಸಿ ಸೋರೋದು ಕಡಿಮೆ. ಟ್ಯೂಬಿನ ತುದಿಯಲ್ಲಿ ಕನ್ನಡಿಯ ಹಾಗೆ ಹೊಳೆಯೋ ಲೇಪ ಇರುತ್ತೆ, ವರ್ಷಕ್ಕೊಮ್ಮೆ ಅದನ್ನು ನೋಡಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಆ ಟ್ಯೂಬಿನೊಳಗೆ ಗಾಳಿ ಹೊಕ್ಕಿದೆ, ಅದು ಇದ್ದೂ ಇಲ್ಲದಂತೆ. ಬದಲಿಸೋದು ಬೆಳಗ್ಗೆ ಬಿಸಿಲೇರುವ ಮೊದಲು: ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಹೊಸ ಟ್ಯೂಬಿನ ಬಾಯಿಗೆ ಸೋಪಿನ ನೀರು ಸವರಿ, ತಿರುಗಿಸುತ್ತಾ ರಬ್ಬರ್ ರಿಂಗಿನೊಳಗೆ ತಳ್ಳಬೇಕು. ಎಣ್ಣೆ ಬೇಡ, ರಿಂಗ್ ಕೆಡುತ್ತೆ. ಮಧ್ಯಾಹ್ನ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರಂತೂ ಪಟ್ಟನೆ ಒಡೆಯುತ್ತೆ.

ಟ್ಯೂಬ್ ಒಡೆಯೋ ಇನ್ನಿಬ್ಬರು ಮಂಗ ಮತ್ತು ಸಿಲ್ವರ್ ಮರದ ಕೊಂಬೆ. ಮಂಗಕ್ಕೆ ಜಾಲರಿ ಹಾಕಬಹುದು, ಸ್ವಲ್ಪ ಬಿಸಿಲು ನಷ್ಟ. ಕೊಂಬೆಗೆ ಮರಗಸಿಯೇ (ತೋಟದ ನೆರಳು ಮರದ ಕೊಂಬೆ ಸವರೋದು) ದಾರಿ. ದಕ್ಷಿಣಕ್ಕೆ ಮುಖ, ಸುಮಾರು 23 ಡಿಗ್ರಿ ಓರೆ ಇದ್ದರೆ ಚಳಿಗಾಲದ ಇಳಿ ಬಿಸಿಲು ಚೆನ್ನಾಗಿ ಸಿಗುತ್ತೆ.

ಈಗ ಬೆನ್ನಿಗೆ ನಿಲ್ಲೋದರ ವಿಚಾರ. ನಾಲ್ಕು ಜನಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು 2.9 ಯುನಿಟ್ ಬೇಕು. ಗೀಸರಿನಲ್ಲೇ ಪೂರ್ತಿ ಕಾಯಿಸಿದರೆ ತಿಂಗಳಿಗೆ 87 ಯುನಿಟ್. ಗೃಹಜ್ಯೋತಿಯವರು ಎಚ್ಚರ, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗಾಳಿಯ ಬಿಸಿ ಹೀರಿ ನೀರು ಕಾಯಿಸೋ ಹೀಟ್ ಪಂಪ್ ಅದೇ ಕೆಲಸವನ್ನು ಸುಮಾರು ಒಂದು ಯುನಿಟ್‌ನಲ್ಲಿ ಮಾಡುತ್ತೆ, ಆದರೆ ದುಬಾರಿ, ಮೇಲಾಗಿ ಕರೆಂಟ್ ಇರಬೇಕು. ಮರ ಬಿದ್ದು ತಂತಿ ಹರಿಯೋ ಊರಲ್ಲಿ ಅದನ್ನೊಂದೇ ನೆಚ್ಚಿಕೊಳ್ಳೋದು ಕಷ್ಟ. ಚಾವಣಿಗೆ ಕರೆಂಟ್ ತಯಾರಿಸೋ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದರೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂ. ಸಹಾಯಧನ ಉಂಟು. ಆದರೆ ಬ್ಯಾಟರಿ ಇಲ್ಲದ ಗ್ರಿಡ್ ಇನ್ವರ್ಟರ್ ಲೈನ್ ಹೋದ ತಕ್ಷಣ ತಾನೂ ನಿಲ್ಲುತ್ತೆ, ಲೈನ್‌ಮ್ಯಾನ್ ಸುರಕ್ಷತೆಗೆ ಹಾಗೆ ಮಾಡಿರೋದು.

ಹಾಗಾಗಿ ಬಚ್ಚಲ ಹಂಡೆ ಕೀಳಬೇಡಿ. ತೆರೆದ ಒಲೆಯಲ್ಲಿ ಅಷ್ಟು ನೀರಿಗೆ 4ರಿಂದ 5 ಕೆ.ಜಿ. ಒಣ ಸೌದೆ ಸಾಕು. ಕಸಿ ಕಡ್ಡಿ ಹೇಗೂ ತೋಟದಲ್ಲೇ ಬಿದ್ದಿರುತ್ತೆ. ಮೇ ಒಳಗೆ ಕೊಟ್ಟಿಗೆ ಸೇರದ ಸೌದೆ ಮಾತ್ರ ಬರೀ ಹೊಗೆ, ಚಿಮಣಿ ತುಂಬಾ ಜಿಗುಟು ಮಸಿ.

ಸೋಲಾರ್ ಟ್ಯಾಂಕಿನೊಳಗೇ ಕೂರಿಸೋ 2 ಕಿಲೋವ್ಯಾಟ್ ಕಾಯಿಲ್ ದಂಡ. ಒಂದು ಬಕೆಟ್ ಬೇಕಿದ್ದರೂ 200 ಲೀಟರನ್ನೂ ಕಾಯಿಸುತ್ತೆ, ಮಿಕ್ಕಿದ್ದು ರಾತ್ರಿಯೆಲ್ಲ ತಣಿಯುತ್ತೆ. ಬದಲಿಗೆ ಸೋಲಾರ್ ಪೈಪು ಬಚ್ಚಲಿಗೆ ಇಳಿಯೋ ಕಡೆ 15 ಅಥವಾ 25 ಲೀಟರಿನ ಗೀಸರ್ ಜೋಡಿಸಿ. ಅರೆಬೆಚ್ಚಗಿನ ನೀರಿಗೆ ಮಿಕ್ಕ ಕೆಲವೇ ಡಿಗ್ರಿ ಅದು ಸೇರಿಸಲಿ. ಸೋಲಾರ್ ನೀರನ್ನು ಗೀಸರಿಗೆ ಹೋಗದೆ ನೇರ ನಲ್ಲಿಗೆ ಬಿಡೋ ಬೈಪಾಸ್ ವಾಲ್ವ್ ಮರೀಬೇಡಿ. ಏಪ್ರಿಲ್‌ನಲ್ಲಿ ಕುದಿಯೋ ಹಾಗೆ ಬರೋ ಸೋಲಾರ್ ನೀರಿಗೆ ಗೀಸರಿನ ಕಟ್‌ಔಟ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯೋ ಸ್ವಿಚ್) ಬಿದ್ದುಹೋಗುತ್ತೆ, ಜೂನ್‌ನಲ್ಲಿ ಸ್ವಿಚ್ ಹಾಕಿದಾಗ "ಗೀಸರ್ ಕೆಟ್ಟಿದೆ" ಅನಿಸುತ್ತೆ. ಪೈಪು ಬಿಸಿನೀರು ತಾಳೋ ಸಿಪಿವಿಸಿ ಪ್ಲಾಸ್ಟಿಕ್ಕಿನದೇ ಇರಲಿ, ಮೇಲೆ ಫೋಮ್ ಸುತ್ತಿ.

ಕೊನೆಯದಾಗಿ ಏರ್ ವೆಂಟ್. ಟ್ಯಾಂಕಿನ ನೆತ್ತಿಯಿಂದ ಎದ್ದ ಆ ಪೈಪು ತಣ್ಣೀರ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರ ಇರಬೇಕು, ಅದಕ್ಕೆ ವಾಲ್ವ್ ಇರಕೂಡದು. ಕುಂಬಾರ ಹುಳ ಅದರ ಬಾಯಿಗೇ ಮಣ್ಣಿನ ಗೂಡು ಮೆತ್ತುತ್ತೆ. ತೊಟ್ಟಿ ಬರಿದಾದ ದಿನ ಕೆಳಗೆ ನಲ್ಲಿ ತಿರುಗಿಸಿದರೆ ಒಳಕ್ಕೆ ಗಾಳಿ ಬರಲು ದಾರಿಯಿಲ್ಲದೆ ಸ್ಟೀಲ್ ಟ್ಯಾಂಕ್ ಡಬ್ಬಿಯ ಹಾಗೆ ಒಳಕ್ಕೆ ನೆಗ್ಗುತ್ತೆ, ವಾರಂಟಿಯೂ ಸಾಮಾನ್ಯವಾಗಿ ಸಿಗೋದಿಲ್ಲ. ಪೈಪಿನ ಬಾಯಿ ಕೆಳಮುಖ ಬಗ್ಗಿಸಿ ಸೊಳ್ಳೆಪರದೆಯ ಒಂದು ತುಂಡು ಕಟ್ಟಿ.